ಹದಿನಾಲ್ಕು ತೂತುಗಳ ಗೋಡೆ

ನಮ್ಮ ಬ್ಯಾಂಕಿನ ತಿಜೋರಿ ಕೋಣೆಯ ಹಿಂಬದಿಯ ಗೋಡೆಯಲ್ಲಿ ಹದಿನಾಲ್ಕು ತೂತುಗಳಿವೆ. ಏಳು ಮೇಲೆ, ಮಾಳಿಗೆಯ ಅಂಚಿನ ಕೆಳಗೆ. ಏಳು ಕೆಳಗೆ, ಮೊಣಕಾಲಿನ ಎತ್ತರಕ್ಕೆ. ದಿನಾ ಮುಂಜಾನೆ ಕಸ ಗುಡಿಸುವ ಮೊದಲು ಕೆಳಗಿನ ಏಳರ ಮುಂದೆ ಒಂದೊಂದಾಗಿ ಅಂಗೈ ಹಿಡಿಯುತ್ತೇನೆ. ತೂತು ಗಾಳಿಯನ್ನು ಮೆಲ್ಲಗೆ ಒಳಗೆ ಎಳೆದುಕೊಳ್ಳುವುದು ಕೈಗೆ ತಿಳಿಯುತ್ತದೆ. ಆಮೇಲೆ ಕಸಬರಿಗೆ ಹಿಡಿಯುತ್ತೇನೆ. ಹೋದ ವರ್ಷದವರೆಗೆ ಈ ಗೋಡೆಯ ಕಡೆ ಬೆನ್ನು ಮಾಡಿಕೊಂಡೇ ಗುಡಿಸುತ್ತಿದ್ದೆ.

ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಬರೆಯುವ ರೂಢಿ ಇಲ್ಲ. ಬ್ಯಾಂಕಿನಲ್ಲಿ ರದ್ದಿಗೆ ಹಾಕುವ ಹಳೆಯ ಚಲನ್ ಹಾಳೆಗಳ ಹಿಂಬದಿ ಖಾಲಿ ಇರುತ್ತದೆ. ಅದರ ಮೇಲೆ ಬರೆಯುತ್ತಿದ್ದೇನೆ. ಬಾಯಿಂದ ಹೇಳುವುದನ್ನು ಹೇಳಿ ಮುಗಿಸಿದ್ದೇನೆ. ಆದರೂ ಬರೆದಿಟ್ಟರೆ ಒಳಗೆ ಉಳಿದ ಚೂರೂ ಹೊರಗೆ ಬಂದೀತು ಅನಿಸಿತು.

ಕಟ್ಟಡವನ್ನು ನೋಡದವರಿಗೆ ಮೊದಲು ಅದರ ಬಗ್ಗೆ ಹೇಳಬೇಕು. ಲಕ್ಷ್ಮೇಶ್ವರದ ಪೇಟೆಯಲ್ಲಿ ಅದು ಎಲ್ಲಕ್ಕಿಂತ ಹಳೆಯ ಬ್ಯಾಂಕು. ಗದಗಿನ ಹತ್ತಿರದ ಕಣಗಿನಹಾಳದವರು ಸಹಕಾರಿ ಸಂಘ ಕಟ್ಟಿದ್ದನ್ನು ನೋಡಿ ನಮ್ಮೂರಿನ ವ್ಯಾಪಾರಸ್ಥರೂ ಒಕ್ಕಲುತನದವರೂ ಸೇರಿ ಕಟ್ಟಿಸಿದರಂತೆ. ಮುಂದೆ ಕಲ್ಲಿನ ಮೂರು ಕಮಾನು. ನಡುವಿನ ಕಮಾನಿನ ಮೇಲೆ ಸುಣ್ಣದಲ್ಲಿ ಮಾಡಿದ ಎರಡು ಗಿಳಿಗಳು ಎದುರುಬದುರು ಕುಳಿತಿವೆ. ಒಳಗೆ ಹೋದರೆ ಸಾಗವಾನಿಯ ಎಂಟು ಕಂಬ. ಮಾಳಿಗೆಯಲ್ಲಿ ಮೂರು ಬೆಳಕಿಂಡಿಗಳಿವೆ. ಅವುಗಳಿಂದ ಬೀಳುವ ಬಿಸಿಲು ಹೊತ್ತು ಏರಿದಂತೆ ಕಲ್ಲಿನ ನೆಲದ ಮೇಲೆ ಸರಿಯುತ್ತ ಹೋಗುತ್ತದೆ. ಅಡರಕಟ್ಟಿಯಿಂದ ಬರುವ ಮುದುಕರು ಚಳಿಗಾಲದಲ್ಲಿ ಆ ಬಿಸಿಲಿನ ಜೊತೆಗೇ ಸರಿದು ಕೂರುತ್ತಾರೆ. ಗಡಿಯಾರ ನೋಡುವುದಿಲ್ಲ. ಬಿಸಿಲು ಮೂರನೇ ಕಂಬ ಮುಟ್ಟಿದರೆ ಬಸ್ಸಿಗೆ ಏಳುತ್ತಾರೆ.

ತಿಜೋರಿ ಕೋಣೆ ಹಿಂಬದಿಗಿದೆ. ಗುಡಿಯ ಗರ್ಭಗುಡಿಯ ಹಾಗೆ ಕಿಟಕಿ ಇಲ್ಲದ ಕತ್ತಲೆ ಕೋಣೆ. ಅದರ ಗೋಡೆ ಎರಡು ಮೊಳ ದಪ್ಪ. ಹೊರಗೊಂದು ಒಳಗೊಂದು ಕಲ್ಲಿನ ಗೋಡೆ ಎಬ್ಬಿಸಿ, ನಡುವೆ ಸಣ್ಣ ಕಲ್ಲು, ಸುಣ್ಣ, ಉಸುಕು ತುಂಬಿದ್ದಾರೆ. ಮಾಳಿಗೆಯಿಂದ ಹನಿ ನೀರು ಇಳಿದರೂ ಕೆಳಗಿನ ತೂತಿನಿಂದ ಹೊರಗೆ ಹೋಗಲಿ, ಕೆಳಗಿನಿಂದ ಹೊಕ್ಕ ಗಾಳಿ ಗೋಡೆಯ ಹೊಟ್ಟೆಯನ್ನು ಒಣಗಿಸಿ ಮೇಲಿನ ತೂತಿನಿಂದ ಹೊರಡಲಿ ಎಂದು ಆ ಹಳೆಯ ಗೌಂಡಿಗಳು ಹೆಬ್ಬೆರಳಿನಷ್ಟು ದಪ್ಪದ ಮಣ್ಣಿನ ಕೊಳವೆಗಳನ್ನು ಹುಗಿದಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ನನ್ನ ಅಣ್ಣ ಸುಣ್ಣದ ಗೌಂಡಿ. ಗಂಡ ತೀರಿದ ಮೇಲೆ ನಾನು ಅವನ ಮನೆಯಲ್ಲಿಯೇ ಇದ್ದು, ಅವನ ಕೈಕೆಳಗೆ ಗಚ್ಚು ಹೊರುವುದು, ಸುಣ್ಣ ಬಳಿಯುವುದು ಮಾಡುತ್ತಿದ್ದೆ. ಬ್ಯಾಂಕಿನ ಗೋಡೆಗೆ ಹೊಸ ಗಿಲಾವು ಮಾಡುವ ಕೆಲಸ ಅವನಿಗೆ ಬಂದಾಗ ಅಲ್ಲಿನ ಹಿತ್ತಲಲ್ಲಿಯೇ ಕಲ್ಲಿನ ಗಾಣ ಹೂಡಿದ. ಎತ್ತು ಸುತ್ತು ಹಾಕುತ್ತಿದ್ದರೆ ಗಾಣದ ಗುಂಡು ಸುಣ್ಣ ಉಸುಕನ್ನು ಅರೆಯುತ್ತಿತ್ತು. ನಾನು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸುರಿಯುತ್ತಿದ್ದೆ. ಹದ ಬಂತೋ ಇಲ್ಲವೋ ಎಂದು ನೋಡಲು ಅಣ್ಣನಿಗೆ ಒಂದೇ ದಾರಿ. ಬೆರಳಿಗೆ ಚೂರು ಗಚ್ಚು ತೆಗೆದುಕೊಂಡು ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳುತ್ತಿದ್ದ.

"ಇನ್ನೂ ಕಡಿತೈತಿ. ಹತ್ತು ಸುತ್ತು ಹೊಡೀರಿ" ಅನ್ನುತ್ತಿದ್ದ. ಹತ್ತು ಸುತ್ತು ಆದ ಮೇಲೆ ಮತ್ತೆ ಮುಟ್ಟಿಸಿ, "ಈಗ ಸುಮ್ಮನಾತು ನೋಡು" ಅನ್ನುತ್ತಿದ್ದ. ಅವನು ಹಾಗೆ ಅಂದ ಗಚ್ಚು ಒಮ್ಮೆಯೂ ಬಿರುಕು ಬಿಟ್ಟದ್ದು ನಾನು ನೋಡಿಲ್ಲ. ಕೊನೆಗೆ ಉಳಿದ ಒಂದು ಬುಟ್ಟಿ ಗಚ್ಚಿನಲ್ಲಿ ಮುಂಬದಿಯ ಗಿಳಿಯ ಮುರಿದ ರೆಕ್ಕೆಯನ್ನೂ ತಿದ್ದಿದ.

ಕೆಲಸ ಮುಗಿಯಲು ಮೂರು ದಿನ ಇತ್ತು. ದೀಪಾವಳಿಯ ಪೂಜೆ ಹತ್ತಿರ ಬಂದಿತ್ತು. ಅಷ್ಟರಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿಯನ್ನು ಹೆರಿಗೆಗೆ ಗದಗಿಗೆ ಕರೆದೊಯ್ಯಬೇಕಾಯಿತು. ಅಣ್ಣ ಹೋಗುವಾಗ, "ಗಿಲಾವು ಎಲ್ಲಾ ಆಗೈತಿ. ನೀ ಸುಣ್ಣಾ ಬಳಿ, ಅಷ್ಟ. ಬ್ಯಾರೆ ಏನೂ ಮುಟ್ಟಬ್ಯಾಡ" ಎಂದು ಹೇಳಿ ಹೋದ.

ನಾನು ಅಟ್ಟಣಿಗೆ ಏರಿ ಸುಣ್ಣ ಬಳಿಯುತ್ತ ಹೋದೆ. ಮಾಳಿಗೆಯ ಅಂಚಿಗೆ ಬಂದಾಗ ಒಂದು ತೂತಿನಿಂದ ಹಲ್ಲಿ ಹೊರಬಿತ್ತು. ನೋಡಿದರೆ ಸಾಲಾಗಿ ಏಳು ತೂತು. ಕೆಳಗೂ ಏಳು. ತಿಜೋರಿ ಕೋಣೆಯ ಗೋಡೆಗೇ ತೂತು! ಅಣ್ಣ ಅವಸರದಲ್ಲಿ ಮರೆತಿದ್ದಾನೆ ಅಂದುಕೊಂಡೆ.

ನಮ್ಮ ಕಡೆ ಮಹಾನವಮಿಗೆ ಮುಂಚೆ ಮನೆ ಸಾರಿಸುವಾಗ ಹೆಂಗಸರು ಮೊದಲು ಮಾಡುವುದು ತೂತು ಮುಚ್ಚುವ ಕೆಲಸ. ಇಲಿಯ ಬಿಲ, ಚೇಳು ಅಡಗುವ ಸಂದು, ಮೊಳೆ ಕಿತ್ತ ಗುರುತು, ಎಲ್ಲಕ್ಕೂ ಸಗಣಿ ಮಣ್ಣು ಮೆತ್ತಿ ಹೆಬ್ಬೆರಳಿನಿಂದ ಒತ್ತಿ, ಆಮೇಲೆ ಸುಣ್ಣ. ನಾನು ಮದುವೆಯಾಗಿ ಹೋದ ವರ್ಷ ನಮ್ಮ ಅತ್ತೆ ಮೂಲೆ ಮೂಲೆಯನ್ನೂ ಬಗ್ಗಿ ನೋಡಿ, ಒಲೆಯ ಹಿಂದೆ ಒಂದು ಸಂದು ಕಂಡದ್ದಕ್ಕೆ ಓಣಿಗೆಲ್ಲ ಕೇಳುವ ಹಾಗೆ ಅಂದಿದ್ದರು: "ಇಕಿ ತವರಾಗ ಕಣ್ಣು ಮುಚ್ಕೊಂಡು ಸಾರಸ್ತಿದ್ಲೇನ?" ಅವತ್ತಿನಿಂದ ಸುಣ್ಣ ಬಳಿದ ಗೋಡೆಯಲ್ಲಿ ತೂತು ಕಂಡರೆ ನನ್ನ ಕೈ ತಡೆಯುವುದಿಲ್ಲ.

ಹಿತ್ತಲ ಮೆಟ್ಟಿಲು ಕಟ್ಟಿ ಉಳಿದ ಸಿಮೆಂಟ್ ಇತ್ತು. ಕಲಸಿದೆ. ಹದಿನಾಲ್ಕೂ ತೂತಿಗೆ ಹೆಬ್ಬೆರಳು ಪೂರ್ತಿ ಹೋಗುವ ತನಕ ಒತ್ತಿ ತುಂಬಿದೆ. ಮೇಲೆ ಮೂರು ಸಲ ಸುಣ್ಣ ಬಳಿದೆ. ಎಲ್ಲಿ ತೂತಿತ್ತು ಎಂದು ನನಗೇ ತಿಳಿಯದಷ್ಟು ಸಾಪಾಯಿತು.

ಅಣ್ಣ ಮಗಳ ಮುಖ ನೋಡಿಕೊಂಡು ಪೂಜೆಯ ದಿನ ನೇರವಾಗಿ ಬ್ಯಾಂಕಿಗೆ ಬಂದ. ಅಟ್ಟಣಿಗೆ ಇಳಿಸಿಯಾಗಿತ್ತು. ಮಂದಿ ನೆರೆದಿದ್ದರು. ದೂರದಿಂದಲೇ ಗೋಡೆ ನೋಡಿ, "ಕೈ ಚಲೋ ಐತಿ ನಿಂದು" ಅಂದ. ನಾನು ಹಿಗ್ಗಿದೆ. ತೂತಿನ ಮಾತು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಮರುವರ್ಷ ಮಳೆ ಚೆನ್ನಾಗಿ ಆಯಿತು. ಶ್ರಾವಣದ ಹೊತ್ತಿಗೆ ಗೋಡೆ ಉಬ್ಬಿತು. ಗಿಲಾವು ಅಂಗೈ ಅಗಲ, ಮೊರದಗಲ ಕಳಚಿ ಬೀಳತೊಡಗಿತು. ಬ್ಯಾಂಕಿನ ಕಾರ್ಯದರ್ಶಿಗಳು ಅಣ್ಣನನ್ನು ಕರೆಸಿದರು. ನಾನೂ ಜೊತೆಗೆ ಹೋಗಿದ್ದೆ. ಮಂದಿ ತುಂಬಿದ ಹೊತ್ತಿನಲ್ಲಿ, ಕಂಬಗಳ ನಡುವೆ ನಿಲ್ಲಿಸಿ ಕೇಳಿದರು: "ಏನ್ರೀ ಗೌಂಡ್ಯಾರ, ಸುಣ್ಣಾ ಹಚ್ಚೀರೋ ಹಿಟ್ಟು ಹಚ್ಚೀರೋ? ರೊಟ್ಟಿ ಉಬ್ಬಿದಂಗ ಉಬ್ಬೈತಲ್ರಿ ಗೋಡಿ!"

ಸಾಲಿನಲ್ಲಿ ನಿಂತ ಯಾರೋ, "ಬೆಲ್ಲಾ ಗೋಡಿಗೆ ಹಾಕಿದ್ರೋ, ಮನ್ಯಾಗ ಹೋಳಿಗಿಗೆ ಹಾಕಿದ್ರೋ ಕೇಳ್ರಿ" ಅಂದರು. ಎಲ್ಲರೂ ನಕ್ಕರು.

ಅಣ್ಣ ಹಿಂದಕ್ಕೆ ಹೋಗಿ ಉದುರಿದ ಒಂದು ಚೂರು ಎತ್ತಿಕೊಂಡ. ಅದು ಬೆರಳಿನಲ್ಲಿ ಮೆತ್ತಗೆ ಪುಡಿಯಾಯಿತು. ನಾಲಿಗೆಗೆ ಮುಟ್ಟಿಸಿ ಉಗುಳಿದ. ಆಮೇಲೆ, "ಹದಾ ತಪ್ಪೈತ್ರಿ. ನಂದ ತಪ್ಪು" ಎಂದು ಹೇಳಿ ಹೊರಗೆ ನಡೆದುಬಿಟ್ಟ. ತೂತುಗಳ ಕಡೆ ನೋಡಲೂ ಇಲ್ಲ. ಗಿಲಾವಿಗೆ ಮುಂಚೆ ಅವನೇ ತಂತಿ ಹಾಕಿ ಅವನ್ನೆಲ್ಲ ತಿವಿದು ಚೊಕ್ಕ ಮಾಡಿದ್ದನಂತೆ. ಅವುಗಳ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ. ಅನುಮಾನ ಬಂದದ್ದು ತನ್ನ ನಾಲಿಗೆಯ ಮೇಲೆ.

ನಾನು ಮಾತ್ರ ನೋಡಿದೆ. ಮಾಳಿಗೆಯ ಅಂಚಿನ ಕೆಳಗೆ ಸಾಲಾಗಿ ಏಳು ಕಪ್ಪು ಕಲೆ, ಕೆಳಗೆ ಏಳು ಕಲೆ. ನಾನು ಹೆಬ್ಬೆರಳು ಒತ್ತಿದ ಜಾಗಗಳೇ ಅವು. ಅವತ್ತೇ ನನಗೆ ಎಲ್ಲ ತಿಳಿಯಿತು. ಅವತ್ತೇ ಹೇಳಬಹುದಿತ್ತು. ಅಣ್ಣ ಇನ್ನೂ ಮುಂಬಾಗಿಲು ದಾಟಿರಲಿಲ್ಲ.

ಹೇಳಲಿಲ್ಲ. ಆ ನಗು ನನ್ನ ಕಡೆ ತಿರುಗುತ್ತದೆ ಎಂದು ಹೆದರಿದೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ತಿಂಗಳೊಳಗೆ ಅಣ್ಣ ಗಾಣದ ಗುಂಡು ಅಲ್ಲಿಯೇ ಬಿಟ್ಟು, ಹೆಂಡತಿ ಮಗಳ ಜೊತೆ ಮುಂಡರಗಿಗೆ ಹೋಗಿ ಟೈಲ್ಸ್ ಕೂರಿಸುವ ಕೆಲಸ ಹಿಡಿದ. ನಾನು ಊರಲ್ಲಿ ಉಳಿದೆ. ಪಾಪ, ಒಬ್ಬಳೇ ಆದಳು ಎಂದು ಬ್ಯಾಂಕಿನವರು ಕಸ ಗುಡಿಸುವ ಕೆಲಸ ಕೊಟ್ಟರು. ಅಲ್ಲಿಂದ ಮುಂದೆ ಹೇಳುವುದು ಇನ್ನೂ ಕಷ್ಟವಾಯಿತು. ಹೇಳಿದರೆ ಕೆಲಸವೂ ಹೋಗುತ್ತದೆ. ಹೀಗೆ ಒಂಬತ್ತು ವರ್ಷ ಪ್ರತಿ ಮುಂಜಾನೆ ನನ್ನ ಅಣ್ಣನ ಗಿಲಾವನ್ನು ನಾನೇ ಬುಟ್ಟಿ ತುಂಬಿ ಹೊರಗೆ ಚೆಲ್ಲಿದೆ.

ನಡುವೆ ಸಿಮೆಂಟ್ ಮೆತ್ತಿ ನೋಡಿದರು, ಬಣ್ಣ ಹಚ್ಚಿ ನೋಡಿದರು. ಎಲ್ಲ ಕಳಚಿತು. ಹೋದ ವರ್ಷ ಬೇಸಿಗೆ ಶುರುವಾದಾಗ ಧಾರವಾಡದಿಂದ ಒಬ್ಬ ಹೆಣ್ಣು ಇಂಜಿನಿಯರ್ ಬಂದರು, ಎಲ್ಲರೂ ಇಂಜಿನಿಯರ್ ಬಾಯಿ ಅನ್ನುತ್ತಿದ್ದರು. ಹಳೆಯ ಕಟ್ಟಡಗಳನ್ನೇ ನೋಡುವವರಂತೆ. ಗೋಡೆಯನ್ನು ಬಡಿದು, ಕಿವಿ ಹಚ್ಚಿ ಕೇಳಿ, "ಈ ಗ್ವಾಡಿಗೆ ಸುಣ್ಣನ ಬೇಕ್ರಿ. ಈ ಕಡೆ ಗಾಣದ ಸುಣ್ಣಾ ಬಲ್ಲವ್ರು ಯಾರದಾರ?" ಎಂದು ಕೇಳಿದರು.

ಕಾರ್ಯದರ್ಶಿಗಳು ನನ್ನ ಕಡೆ ನೋಡಿದರು. ಅವರಿಗೂ ವಯಸ್ಸಾಗಿತ್ತು. "ಒಬ್ಬಾವ ಇದ್ದ. ಇಕಿ ಅಣ್ಣ. ಹೋಗಿ ಕೇಳಿ ನೋಡ್ವಾ, ಬಂದ್ರ ಬರಲಿ. ಬ್ಯಾರೆ ಯಾರೂ ಇಲ್ಲ" ಅಂದರು.

ಅವತ್ತೇ ಶಿರಹಟ್ಟಿಯಲ್ಲಿ ಬಸ್ಸು ಬದಲಿಸಿ ಮುಂಡರಗಿಗೆ ಹೋದೆ. ಮಧ್ಯಾಹ್ನದ ಊಟದ ಹೊತ್ತು. ಅಣ್ಣ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದ.

"ಏನವಾ, ಫೋನ್ ಮಾಡಲಾರದ ಬಂದೀಯಲ್ಲ? ಅರಾಮ ಅದಿಯಿಲ್ಲೋ?"

"ಅರಾಮ ಅದೀನಿ. ಬ್ಯಾಂಕಿನವ್ರು ಕಳಿಸ್ಯಾರ. ಆ ಗ್ವಾಡಿಗೆ ಮತ್ತ ಸುಣ್ಣದ ಕೆಲಸ ಮಾಡಬೇಕಂತ."

"ಆ ಮಾತು ತಗೀಬ್ಯಾಡ. ಊಟಾ ಮಾಡು, ಮಗಳು ಸಾಲಿಯಿಂದ ಬರ್ತಾಳ, ಮಾತಾಡಿಸಿ ಹೋಗು. ಸುಣ್ಣಾ ನನ್ನ ಕೈ ಬಿಟ್ಟೈತಿ."

ವೈನಿ ಮೂವರಿಗೂ ಬಡಿಸಿ ಕುಳಿತರು. ಅಣ್ಣ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿ ಒಂದು ತುತ್ತು ತಿಂದ. ಆಮೇಲೆ ವೈನಿಯ ಕಡೆ ತಿರುಗಿ ಕೇಳಿದ: "ಉಪ್ಪು ಸರಿ ಐತೇನು?"

ವೈನಿ ನಕ್ಕರು. "ನೋಡ್ವಾ ನಿಮ್ಮಣ್ಣನ್ನ. ತಾವ ಉಣ್ಣಾಕತ್ಯಾರ, ಉಪ್ಪು ನನ್ನ ಕೇಳತಾರ. ಲಕ್ಷ್ಮೇಶ್ವರ ಬಿಟ್ಟಾಗಿಂದ ಹಿಂಗ. ಡಾಕ್ಟರ್ ಕಡೆ ಸೈತ ಕರ್ಕೊಂಡು ಹೋಗಿದ್ದೆ. ನಾಲಿಗಿಗೆ ಏನೂ ಆಗಿಲ್ಲ ಅಂದ್ರು. ಆದ್ರೂ ನಂಬಿಕಿ ಇಲ್ಲ ಇವರಿಗೆ."

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವನ ಹೆಸರು ಕೆಟ್ಟಿತು ಎಂದಷ್ಟೇ ಅಂದುಕೊಂಡಿದ್ದೆ. ದಿನಕ್ಕೆ ಎರಡು ಹೊತ್ತು, ಪ್ರತಿ ಊಟದಲ್ಲಿ ಹೀಗೆ ಕೇಳುತ್ತಿದ್ದಾನೆ ಎಂದು ನನಗೆ ಗೊತ್ತಿರಲಿಲ್ಲ.

"ಅಣ್ಣಾ, ನಿನ್ನ ನಾಲಿಗಿ ಸರಿ ಐತಿ" ಅಂದೆ. "ತೂತು ನಾ ಮುಚ್ಚಿದ್ದೆ."

"ಯಾವ ತೂತು?"

"ತಿಜೋರಿ ಗ್ವಾಡೀವು. ನೀ ಗದಗಿಗೆ ಹೋಗಿದ್ದೆಲ್ಲ, ಆವಾಗ. ಹದಿನಾಲ್ಕೂ ಮುಚ್ಚಿದೆ. ಸಿಮೆಂಟ್ ತುಂಬಿ."

ಅವನು ತುತ್ತು ನುಂಗಿದ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಎಷ್ಟು ಒಳಗ?"

"ಹೆಬ್ಬೆಟ್ಟು ಹೋಗೂವಷ್ಟು."

"ಅದರಿಂದ ಗ್ವಾಡಿ ಹೋತಂತ ಯಾವಾಗ ತಿಳೀತು ನಿನಗ?"

ಇದೊಂದು ಪ್ರಶ್ನೆ ಕೇಳದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. "ನಿನ್ನ ನಿಂದರಿಸಿ ಕೇಳಿದ್ರಲ್ಲ, ಅವತ್ತ" ಅಂದೆ.

ವೈನಿ ಊಟ ಬಿಟ್ಟು ನನ್ನ ಕಡೆ ತಿರುಗಿದರು. "ಅವತ್ತ? ಅವತ್ತ ತಿಳಿದು ಇಷ್ಟು ವರ್ಷ ಬಾಯಾಗ ಏನ್ ಇಟ್ಕೊಂಡಿದ್ದಿ ನೀನು? ಯುಗಾದಿಗೊಮ್ಮೆ ಬಂದು ನನ್ನ ಕೈಯಾಗ ಉಂಡು ಹೋದೆಲ್ಲ, ಆವಾಗರ ಹೇಳಬೇಕನಿಸಲಿಲ್ಲೇನ? ಈ ಮನಷ್ಯಾ ರಾತ್ರಿ ಕುಂತು ತನ್ನ ನಾಲಿಗಿ ಕನ್ನಡ್ಯಾಗ ನೋಡ್ಕೊಂಡದ್ದು ನಾ ನೋಡೀನಿ!"

ಅಣ್ಣ ಕೈ ತೊಳೆದು ಅಂಗಿ ಹಾಕಿಕೊಂಡ. ಉಳಿ, ಸುತ್ತಿಗೆ ಚೀಲಕ್ಕೆ ಹಾಕಿದ. "ನಡಿ" ಅಂದ.

ಬಸ್ಸಿನಲ್ಲಿ ಅವನು ಮುಂದಿನ ಸೀಟಿನಲ್ಲಿ ಕುಳಿತ, ನಾನು ಹಿಂದೆ. ಶಿರಹಟ್ಟಿಯಲ್ಲಿ ಇಳಿದು ನಿಂತಾಗ ಅವನು ಒಂದೇ ಚಹಾ ತೆಗೆದುಕೊಂಡ. ಅರ್ಧ ಕುಡಿದು ನೆಲಕ್ಕೆ ಚೆಲ್ಲಿದ. ನಾನು ಅಳಲಿಲ್ಲ. ಹೇಳಿಬಿಟ್ಟ ಮೇಲೆ ಎದೆ ಎಷ್ಟು ಹಗುರಾಗಿತ್ತೆಂದರೆ, ಅದಕ್ಕೂ ನಾಚಿಕೆಯಾಗುತ್ತಿತ್ತು.

ನಾಲ್ಕರ ಹೊತ್ತಿಗೆ ಬ್ಯಾಂಕು ಮುಟ್ಟಿದೆವು. ಅಣ್ಣ ಯಾರನ್ನೂ ಮಾತಾಡಿಸದೆ ಹಿಂದಕ್ಕೆ ಹೋದ. ಕೆಳಗಿನ ಸಾಲಿನಲ್ಲಿ ಕಲೆ ಇದ್ದಲ್ಲಿ ಉಳಿ ಇಟ್ಟು ಬಡಿದ. ಸಿಮೆಂಟಿನ ಬಿರಡೆ ಒಡೆದು ಹೊರಬಿತ್ತು. ಹಿಂದೆಯೇ ಕಂದು ಬಣ್ಣದ ನೀರು ನೂಲಿನಂತೆ ಇಳಿಯತೊಡಗಿತು. ಬೇಸಿಗೆಯಲ್ಲಿ! ಬಾವಿಯ ತಳದ ವಾಸನೆ ಬಂತು. ಆಮೇಲೆ ಏಣಿ ತರಿಸಿ ಅದರ ನೇರಕ್ಕೆ ಮೇಲಿನ ತೂತನ್ನೂ ಒಡೆದ. ನೀರು ನಿಂತ ಮೇಲೆ ಒಳಗಿನ ಲಕ್ಷ್ಮಿ ಫೋಟೋದ ಮುಂದಿನಿಂದ ಉರಿಯುವ ಊದಿನಕಡ್ಡಿ ತಂದು ಕೆಳಗಿನ ತೂತಿನ ಹತ್ತಿರ ಹಿಡಿದ. ಮೇಲಕ್ಕೆ ಏಳುತ್ತಿದ್ದ ಹೊಗೆ ಅಡ್ಡಕ್ಕೆ ಬಾಗಿ ಗೋಡೆಯೊಳಗೆ ಹೋಯಿತು. ಅಷ್ಟರಲ್ಲಿ ಕಾರ್ಯದರ್ಶಿಗಳು, ಇಂಜಿನಿಯರ್ ಬಾಯಿ, ಕೌಂಟರಿನವರು ಎಲ್ಲ ಬಂದು ನಿಂತಿದ್ದರು.

"ಏನಿದು ಗೌಂಡ್ಯಾರ?" ಎಂದು ಕಾರ್ಯದರ್ಶಿಗಳು ಕೇಳಿದರು.

"ಇಕಿನ್ನ ಕೇಳ್ರಿ" ಅಂದ ಅಣ್ಣ.

ನಾನು ಹೇಳಿದೆ. ಹಲ್ಲಿಯಿಂದ ಹಿಡಿದು ಹದಿನಾಲ್ಕು ಕಲೆಯವರೆಗೆ. ಯಾರೂ ನಗಲಿಲ್ಲ. ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿದರು. "ಗೌಂಡ್ಯಾರ, ಅವತ್ತ ನಾನೂ ಜರಾ ಹೆಚ್ಚ ಮಾತಾಡಿದೆ" ಅಂದು, ಒಳಗಿನಿಂದ ತಮ್ಮ ಕುರ್ಚಿಯನ್ನೇ ತರಿಸಿದರು.

ಅಣ್ಣ ಕುರ್ಚಿಯ ಮೇಲೆ ಕುಳಿತುಕೊಳ್ಳಲಿಲ್ಲ. ಏಣಿ ಹೆಗಲಿಗೆ ಹಾಕಿಕೊಂಡು ಮುಂಬದಿಗೆ ಹೋದ. ಕಮಾನಿಗೆ ಆನಿಸಿ ಏರಿದ. ಗಿಳಿಯ ರೆಕ್ಕೆಯನ್ನು ಉಗುರಿನಿಂದ ಕೆರೆದ. ಅದೇ ಗಾಣದ, ಅದೇ ದಿನದ ಗಚ್ಚು ಅದು. ಇಷ್ಟು ಮಳೆ ಬಿಸಿಲು ತಿಂದರೂ ಒಂದು ಗೆರೆ ಬಿದ್ದಿರಲಿಲ್ಲ. ಅದು ಅಲ್ಲಿಯೇ, ಎಲ್ಲರ ತಲೆಯ ಮೇಲೆಯೇ ಇತ್ತು. ನಾವು ಯಾರೂ ಕತ್ತೆತ್ತಿ ನೋಡಿರಲಿಲ್ಲ. ಅಣ್ಣ ಉಳಿಯಿಂದ ಸಾಸಿವೆ ಕಾಳಿನಷ್ಟು ಚೂರು ಎಬ್ಬಿಸಿ ನಾಲಿಗೆಯ ಮೇಲೆ ಇಟ್ಟುಕೊಂಡ. ಏಣಿಯ ಮೇಲೆಯೇ ಬಹಳ ಹೊತ್ತು ನಿಂತ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

ಇಳಿದು ಬಂದು ಮೆಟ್ಟಿಲ ಮೇಲೆ ಕುಳಿತ. ಕಣ್ಣು ಒರೆಸಿಕೊಂಡ. ಆಮೇಲೆ ನಗತೊಡಗಿದ. "ಹಂಗಾದ್ರ ನಿಮ್ಮ ವೈನಿ ಪಲ್ಯೇಕ ಉಪ್ಪು ಖರೇನ ಕಡಿಮಿ ಇತ್ತು ನೋಡು" ಅಂದ.

ನಾನೂ ನಗಲು ಹೋದೆ. ಅವನು ಕೈ ಅಡ್ಡ ಹಿಡಿದ. "ನೀ ನಗಬ್ಯಾಡ. ಇವತ್ತ ನನ್ನ ಮುಂದ ಕುಂಡ್ರಲೂ ಬ್ಯಾಡ. ಮನಿಗೆ ಹೋಗು. ಕೆಲಸಕ್ಕ ಬಂದಾಗ ಹೇಳಿ ಕಳಸ್ತೇನಿ."

ಹೇಳಿ ಕಳಿಸಲು ಅವನು ಹನ್ನೊಂದು ದಿನ ತೆಗೆದುಕೊಂಡ. ನಾನು ಎಣಿಸಿದೆ. ಹನ್ನೆರಡನೆಯ ದಿನ ಮುಂಜಾನೆ ಬ್ಯಾಂಕಿಗೆ ಹೋದರೆ ಹಿತ್ತಲಲ್ಲಿ ಎತ್ತು ಕಟ್ಟಿತ್ತು. ಅಣ್ಣ ಮುಳ್ಳುಕಂಟಿಯಲ್ಲಿ ಬಿದ್ದಿದ್ದ ಗಾಣದ ಗುಂಡನ್ನು ತೊಳೆಯುತ್ತಿದ್ದ. ನನ್ನನ್ನು ನೋಡಿ, "ಬೆಲ್ಲಾ ನೆನಿ ಹಾಕು. ನಿಂತು ಏನ್ ನೋಡ್ತಿ?" ಅಂದ. ಅಷ್ಟೇ.

ಉಳಿದ ಹನ್ನೆರಡು ಬಿರಡೆಗಳನ್ನು ನನ್ನ ಕೈಯಿಂದಲೇ ತೆಗೆಸಿದ. ಗೋಡೆ ಒಣಗಲು ಬೇಸಿಗೆ ಪೂರ್ತಿ ಬೇಕಾಯಿತು. ಆಮೇಲೆ ಗಿಲಾವು. ಗಾಣ ತಿರುಗುವಾಗ ಅವನು ಗಚ್ಚನ್ನು ನಾಲಿಗೆಗೆ ಮುಟ್ಟಿಸಿ, ಯಾರನ್ನೂ ಕೇಳದೆ, "ಸುಮ್ಮನಾತು" ಅಂದಾಗ ನಾನು ಬೆಲ್ಲದ ನೀರಿನ ಕೊಡ ಕೆಳಗಿಟ್ಟು ಒಂದು ಗಳಿಗೆ ಕುಳಿತುಕೊಂಡೆ. ಈ ವರ್ಷದ ಮಳೆ ಬಂದು ಹೋಯಿತು. ಗೋಡೆ ಒಂದು ಚೂರೂ ಉದುರಿಸಿಲ್ಲ. ನನ್ನ ಬುಟ್ಟಿಗೆ ಈಗ ಬರೀ ಕಾಗದ, ಧೂಳು.

ವೈನಿ ಇನ್ನೂ ನನ್ನ ಜೊತೆ ಪೂರ್ತಿ ಬೆರೆತಿಲ್ಲ. ಯುಗಾದಿಗೆ ಹೋದಾಗ ಹೋಳಿಗೆ ಬಡಿಸಿದರು. ತುಪ್ಪವನ್ನು ಮಾತ್ರ ತಾವು ಬಡಿಸದೆ ನನ್ನ ಕೈಗೇ ಕೊಟ್ಟು, "ಹಾಕ್ಕೋ" ಅಂದರು. ಆಗಲಿ. ಅವರಿಗೆ ಆ ಹಕ್ಕಿದೆ.

ಮೊನ್ನೆ ದೀಪಾವಳಿಯ ಪೂಜೆಗೆ ಬ್ಯಾಂಕು ತೊಳೆಯಲು ಅಸುಂಡಿಯ ಕಡೆಯಿಂದ ಸೊಸೆಯಾಗಿ ಬಂದ ಹೆಣ್ಣುಮಗಳೊಬ್ಬಳು ನನ್ನ ಜೊತೆಗಿದ್ದಳು. ಹಿಂದಿನ ಗೋಡೆಗೆ ಸುಣ್ಣ ಬಳಿಯುತ್ತ ಬಂದು ತೂತು ಕಂಡು ನಿಂತಳು. "ಅಯ್ಯ, ಇಲ್ಲಿ ಸಾಲಿಗೆ ತೂತು ಅದಾವಲ್ರಿ! ಜರಾ ಸಿಮೆಂಟ್ ಕೊಡ್ರಿ, ಮುಚ್ಚಿಬಿಡ್ತೇನಿ" ಅಂದಳು.

ಅಣ್ಣನೂ ಬಂದು ಮಾಳಿಗೆಯ ಮೇಲೆ ಹಸಿರು ಪಾಚಿ ಕೆರೆಯುತ್ತಿದ್ದ. ಮೇಲಿನಿಂದಲೇ ಕೂಗಿದ: "ಏ ತಂಗಿ, ಆ ಕೆಲಸಕ್ಕ ನಿನ್ನಕಿಂತ ಹುಷಾರಿರೋರು ಬಾಜೂಕ ನಿಂತಾರ! ಹೆಂಗ ಮುಚ್ಚಬೇಕು, ಮುಚ್ಚಿದ್ರ ಏನಾಕ್ಕೈತಿ, ಎಲ್ಲಾ ಕೇಳು ಅವರ್ನ!"

ಕೌಂಟರಿನವರು ಕಿಟಕಿಯಿಂದ ಬಗ್ಗಿ ನಕ್ಕರು. ಆ ಹುಡುಗಿ ಏನೂ ತಿಳಿಯದೆ ನನ್ನ ಮುಖ ನೋಡಿದಳು. ಒಂದು ಕಾಲಕ್ಕೆ ಯಾವ ನಗುವಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ ಆ ನಗು ಕೊನೆಗೂ ನನ್ನ ಮೇಲೆ ಬಿತ್ತು. ಬಿದ್ದರೆ ಏನೂ ಆಗಲಿಲ್ಲ. ನಾನೂ ನಕ್ಕೆ. ಹಿತ್ತಲಿನಿಂದ ಒಂದು ಸಣ್ಣ ಜೋಳದ ದಂಟು ತಂದು, "ಬಾ ಇಲ್ಲೆ" ಎಂದು ಅವಳನ್ನು ಕೂರಿಸಿಕೊಂಡು, ಮೊದಲನೆಯ ತೂತಿಗೆ ಹೇಗೆ ಹಾಕಿ ತಿವಿದು ಚೊಕ್ಕ ಮಾಡಬೇಕೆಂದು ತೋರಿಸಿದೆ.